ಪಿಂಜಾರರ ಬಿಲ್ಲಿನಿಂದ ಕಾರಿನ ಸೀಟಿನವರೆಗೆ

ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದು ಚಪ್ಪಡಿ ಕಲ್ಲಿದೆ. ಕೋಟೆ ನೋಡಲು ಹೋದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಕಾಕತೀಯರ ಕಾಲದ, 1294ರ ಶಾಸನ ಅದರ ಮೇಲಿದೆ. ಅದೇ ಗೋಡೆಯಲ್ಲಿ ಆ ಭಾರೀ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲು ಜಾನುವಾರುಗಳಿಂದ ಎಳೆಸಿಕೊಂಡು ಬರುವ ದೃಶ್ಯವನ್ನೂ ಕೊರೆಯಲಾಗಿದೆ. ಕೋಟೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯಿತು. ಬಂಡಿ ಹೊಡೆದವರ, ಗಾಲಿ ಕಟ್ಟಿದವರ, ಹಗ್ಗ ಹೊಸೆದವರ ಹೆಸರು ಉಳಿಯಲಿಲ್ಲ.

ವಾಹನಗಳ ಚರಿತ್ರೆಯನ್ನು ನಾವು ಇಂದಿಗೂ ಹೀಗೆಯೇ ಬರೆಯುತ್ತಿದ್ದೇವೆ. ಯಾವ ಕಂಪೆನಿ, ಯಾವ ಮಾಡೆಲ್, ಎಷ್ಟು ವೇಗ, ಯಾವ ದೊರೆಯ ಬಳಿ ಎಷ್ಟು ಕಾರುಗಳಿದ್ದವು ಎಂಬುದೆಲ್ಲ ದಾಖಲಾಗಿದೆ. ಆದರೆ ಮನುಷ್ಯ ವಾಹನದಲ್ಲಿ ಕುಳಿತುಕೊಳ್ಳುವುದು ಎಂಜಿನಿನ ಮೇಲಲ್ಲ, ಸೀಟಿನ ಮೇಲೆ. ಆ ಸೀಟನ್ನು ಹೊಲಿದವರು ಯಾರು, ಹರಿದಾಗ ಮತ್ತೆ ಹೊಸದು ಮಾಡಿದವರು ಯಾರು ಎಂದು ಕೇಳಿದರೆ ಪುಸ್ತಕಗಳಲ್ಲಿ ಉತ್ತರ ಸಿಗುವುದಿಲ್ಲ. ರಾಯಚೂರು, ಮಾನ್ವಿ, ದೇವದುರ್ಗದಂತಹ ಊರುಗಳ ಬೀದಿಗಳಲ್ಲಿ ಸಿಗುತ್ತದೆ.

ಈ ಪ್ರಶ್ನೆಗೆ ಈಗ ಹೊಸ ಮಹತ್ವವೂ ಬಂದಿದೆ. ಹಳೆಯ ಕಾರುಗಳ ಮೇಲಿನ ಪ್ರೀತಿ ನಮ್ಮಲ್ಲಿ ಹೆಚ್ಚುತ್ತಿದೆ. ಐವತ್ತು ವರ್ಷ ದಾಟಿದ, ಮೂಲ ಸ್ವರೂಪವನ್ನು ಉಳಿಸಿಕೊಂಡ ವಾಹನಗಳನ್ನು 'ವಿಂಟೇಜ್' ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರಕಾರ 2021ರಲ್ಲಿ ತಂದಿತು. ಅಜ್ಜನ ಕಾಲದ ಕಾರನ್ನೋ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನೋ ಜೋಪಾನ ಮಾಡುವವರಿಗೆ ಎದುರಾಗುವ ದೊಡ್ಡ ಖರ್ಚುಗಳಲ್ಲಿ ಸೀಟಿನದ್ದೂ ಒಂದು. ವಿದೇಶದಿಂದ ಸಿದ್ಧ ಸೀಟಿನ ಹೊದಿಕೆ ತರಿಸುವುದು ಎಲ್ಲರ ಕೈಗೆ ಎಟುಕುವ ಮಾತಲ್ಲ. ಕಡಿಮೆ ಖರ್ಚಿನಲ್ಲಿ ಸೀಟಿಗೆ ಮರುಜೀವ ಕೊಡುವ ವಿದ್ಯೆ ನಮ್ಮ ಸಣ್ಣ ಊರುಗಳಲ್ಲಿ ಬಹಳ ಕಾಲದಿಂದ ಇದೆ. ಅದು ಎಲ್ಲಿಂದ ಬಂತು ಎಂಬುದನ್ನು ನೋಡೋಣ.

ಕುದುರೆಯ ಬೆನ್ನಿನ ಮೇಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶವನ್ನು ಚರಿತ್ರೆಯಲ್ಲಿ ರಾಯಚೂರು ದೋಆಬ್ ಎಂದು ಕರೆಯುತ್ತಾರೆ. ದೇವದುರ್ಗ ಕೃಷ್ಣೆಯ ಕಡೆಗೆ, ಮಾನ್ವಿ ತುಂಗಭದ್ರೆಯ ಕಡೆಗೆ. ಈ ನೆಲಕ್ಕಾಗಿ ಬಹಮನಿಗಳೂ ವಿಜಯನಗರದ ಅರಸರೂ, ಅನಂತರ ಬಿಜಾಪುರದ ಆದಿಲ್‌ಶಾಹಿಗಳೂ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ರಾಯಚೂರು ಯುದ್ಧ ಪ್ರಸಿದ್ಧವಾದುದು. ಆ ಕಾಲದ ಸೈನ್ಯಗಳ ಬಲ ನಿಂತಿದ್ದುದು ಕುದುರೆಗಳ ಮೇಲೆ. ಅರಬ್ ನಾಡಿನಿಂದಲೂ ಪರ್ಷಿಯಾದಿಂದಲೂ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳ, ಗೋವಾಗಳ ಮೂಲಕ ಒಳನಾಡಿಗೆ ಹೋಗುತ್ತಿದ್ದವು.

ಕುದುರೆ ಇದ್ದಲ್ಲಿ ಜೀನು ಬೇಕು. 'ಜೀನ್' ಎಂಬುದು ಪರ್ಷಿಯನ್ ಮಾತು, ಅರ್ಥ ತಡಿ. ಉತ್ತರ ಕರ್ನಾಟಕದ ಜೀನಗಾರ ಎಂಬ ಸಮುದಾಯದ ಹೆಸರು ಈ ಜೀನು ಮಾಡುವ ಕಸುಬಿನಿಂದಲೇ ಬಂದದ್ದು ಎಂದು ಹೇಳಲಾಗುತ್ತದೆ. ಕುದುರೆ ಹೋದಾಗ ಜೀನಗಾರರು ಮರದ ಕೆಲಸ, ಬಣ್ಣದ ಕೆಲಸ, ಚಿತ್ರದ ಕೆಲಸಗಳಿಗೆ ಹೊರಳಿದರು. ಒಂದು ಕೆಲಸದಲ್ಲಿ ಪಳಗಿದ ಕೈ ಆ ಕೆಲಸ ನಿಂತಾಗ ಇನ್ನೊಂದನ್ನು ಹಿಡಿಯುತ್ತದೆ. ಸೀಟಿನ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ.

ಜೀನು ಕೂಡ ಒಂದು ಸೀಟೇ. ಕೆಳಗೆ ಗಟ್ಟಿ ಚೌಕಟ್ಟು, ಮಧ್ಯೆ ಮೆತ್ತನೆಯ ತುಂಬು, ಮೇಲೆ ತೊಗಲಿನ ಹೊದಿಕೆ. ಈ ಮೂರು ಪದರಗಳ ಲೆಕ್ಕ ಇಂದಿನ ಕಾರಿನ ಸೀಟಿನಲ್ಲೂ ಬದಲಾಗಿಲ್ಲ.

ಹತ್ತಿ ಹಿಂಜಿದ ಕೈಗಳು

ಮಧ್ಯದ ತುಂಬಿನ ಕಥೆ ಹತ್ತಿಯ ಕಥೆ. ರಾಯಚೂರಿನ ಕಪ್ಪು ನೆಲ ಹಿಂದಿನಿಂದಲೂ ಹತ್ತಿ ಬೆಳೆಯುವ ನೆಲ. 1853ರಲ್ಲಿ ಬ್ರಿಟಿಷರು ಸೈನ್ಯದ ಖರ್ಚಿನ ಬಾಕಿಯ ನೆಪದಲ್ಲಿ ನಿಜಾಮನಿಂದ ಆಡಳಿತ ವಹಿಸಿಕೊಂಡ ಪ್ರದೇಶಗಳಲ್ಲಿ ಬೇರಾರ್ ಜೊತೆಗೆ ರಾಯಚೂರು ದೋಆಬ್ ಕೂಡ ಇತ್ತು. ಎರಡೂ ಹತ್ತಿಯ ಸೀಮೆಗಳು. ದೋಆಬ್ 1860ರಲ್ಲಿ ನಿಜಾಮನಿಗೆ ಮರಳಿತು. ಮರುವರ್ಷವೇ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತು, ಭಾರತದ ಹತ್ತಿಗೆ ಚಿನ್ನದ ಬೆಲೆ ಬಂತು. 1871ರಲ್ಲಿ ಮುಂಬಯಿಯಿಂದ ಬಂದ ರೈಲು ಮಾರ್ಗವೂ ಮದರಾಸಿನಿಂದ ಬಂದ ಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಅಲ್ಲಿಂದ ಮುಂದೆ ರಾಯಚೂರು ದೊಡ್ಡ ಹತ್ತಿ ಪೇಟೆಯಾಗಿ ಬೆಳೆಯಿತು.

ಪೇಟೆಗೆ ಹೋದ ಹತ್ತಿ ಗಿರಣಿ ಸೇರಿತು. ಊರಲ್ಲೇ ಉಳಿದ ಹತ್ತಿ ಪಿಂಜಾರರ ಕೈ ಸೇರಿತು. ಹತ್ತಿಯನ್ನು ಹಿಂಜಿ ಹಗುರ ಮಾಡಿ ಗಾದಿ, ದಿಂಬು, ರಜಾಯಿ ತುಂಬುವುದು ಅವರ ಕಸುಬು. ಆಳೆತ್ತರದ ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ, ಬಾರಿಸಲು ಮರದ ಕೊಡತಿ. ತಂತಿ ಮಿಡಿದಾಗ ಹತ್ತಿಯ ಗಂಟು ಬಿಡುತ್ತದೆ, ಕಸ ಉದುರುತ್ತದೆ, ಎಳೆಗಳು ಮೋಡದಂತೆ ಉಬ್ಬುತ್ತವೆ. ಬಿಲ್ಲನ್ನು ಹೆಗಲಿಗೇರಿಸಿ ಊರೂರು ತಿರುಗುತ್ತಿದ್ದ ಪಿಂಜಾರರನ್ನು ಹಳೆಯ ತಲೆಮಾರಿನವರು ಆ ತಂತಿಯ ಸದ್ದಿನಿಂದಲೇ ಗುರುತಿಸುತ್ತಿದ್ದರು.

ನದಾಫ ಎಂಬುದು ಇದೇ ಸಮುದಾಯದ ಇನ್ನೊಂದು ಹೆಸರು. ಅರಬಿಯಲ್ಲಿ 'ನದ್ದಾಫ್' ಎಂದರೆ ಹತ್ತಿ ಹಿಂಜುವವನು. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಹಲ್ಲಾಜರ ಹೆಸರಿನಲ್ಲಿರುವ 'ಹಲ್ಲಾಜ್' ಎಂಬುದೂ ಹತ್ತಿಯ ಕಸುಬಿನದೇ ಮಾತು. ಉತ್ತರ ಭಾರತದ ಹತ್ತಿ ಹಿಂಜುವವರು ಅವರ ನೆನಪಿನಲ್ಲಿ ತಮ್ಮನ್ನು ಮನ್ಸೂರಿ ಎಂದು ಕರೆದುಕೊಳ್ಳುತ್ತಾರೆ. ಕರ್ನಾಟಕದ ಪಿಂಜಾರ, ನದಾಫ ಕುಟುಂಬಗಳಲ್ಲಿ ಅನೇಕರ ಮನೆಮಾತು ಕನ್ನಡ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರು ಪ್ರವರ್ಗ-1ರಲ್ಲಿದ್ದಾರೆ. ಅಂದರೆ ಎಲ್ಲರ ಮನೆಯ ಮೆತ್ತನೆಯ ಹಾಸಿಗೆಯನ್ನು ಸಿದ್ಧಪಡಿಸಿದವರ ಬದುಕು ಮಾತ್ರ ಮೆತ್ತಗಾಗಲಿಲ್ಲ.

ಪಿಂಜಾರರ ಕೆಲಸದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅವರು ಹೊಸ ಗಾದಿ ಮಾಡಿದ್ದಕ್ಕಿಂತ ಹಳೆಯದನ್ನು ಹೊಸದು ಮಾಡಿದ್ದೇ ಹೆಚ್ಚು. ವರ್ಷಗಟ್ಟಲೆ ಮಲಗಿ ಒತ್ತಿಹೋದ ಗಾದಿಯ ಹತ್ತಿ ಸತ್ತಿರುವುದಿಲ್ಲ, ಅಂಟಿಕೊಂಡಿರುತ್ತದೆ ಅಷ್ಟೆ. ಬಿಚ್ಚಿ, ಬಿಸಿಲಿಗೆ ಹರವಿ, ಹಿಂಜಿ, ಕಡಿಮೆಬಿದ್ದಷ್ಟು ಹೊಸ ಹತ್ತಿ ಸೇರಿಸಿ ಮತ್ತೆ ತುಂಬಿದರೆ ಗಾದಿ ಎದ್ದು ಕೂರುತ್ತದೆ. ಮನೆಯ ಹೆಂಗಸರು ಹೊಲಿಯುತ್ತಿದ್ದ ಕೌದಿಯ ತತ್ವವೂ ಇದೇ. ಹರಿದ ಸೀರೆ, ಹಳೆಯ ಧೋತರದ ಗಟ್ಟಿ ಭಾಗಗಳನ್ನು ಉಳಿಸಿಕೊಂಡು, ಪದರದ ಮೇಲೆ ಪದರ ಇಟ್ಟು ಓಟದ ಹೊಲಿಗೆ ಹಾಕಿದರೆ ಹತ್ತಾರು ವರ್ಷ ಬಾಳುವ ಹಾಸು ಸಿದ್ಧ. ಸವಾರಿ ಬಂಡಿಯಲ್ಲಿ ಹುಲ್ಲು ಹರಡಿ, ಅದರ ಮೇಲೆ ಕೌದಿ ಹಾಸಿ ಜಾತ್ರೆಗೂ ಉರುಸಿಗೂ ಹೋಗುತ್ತಿದ್ದ ಜನರಿಗೆ ಅದೇ ಸೀಟು.

ಮೋಟಾರು ಬಂದಾಗ

ರಾಯಚೂರು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮೋಟಾರು ಇಲ್ಲಿಗೆ ಬಂದದ್ದು ನಿಜಾಮರ ಕಾಲದಲ್ಲಿ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಇಂಗ್ಲೆಂಡಿನ ರೋಲ್ಸ್‌ರಾಯ್ಸ್ ಕಂಪೆನಿಗೆ ಒಂದು ವಿಶೇಷ ಕಾರಿನ ಬೇಡಿಕೆ ಕೊಟ್ಟಿದ್ದರು. ಅದರ ಹಿಂಭಾಗದಲ್ಲಿದ್ದುದು ಸಾಧಾರಣ ಸೀಟಲ್ಲ, ಎತ್ತರಿಸಿದ ಸಿಂಹಾಸನ. 1911ರಲ್ಲಿ ಅವರು ತೀರಿಕೊಂಡರು. ಕಾರು ಬಂದು ತಲುಪಿದ್ದು ಮಗ ಮೀರ್ ಉಸ್ಮಾನ್ ಅಲಿ ಖಾನರ ಕಾಲಕ್ಕೆ. ಅದು ಓಡಿದ್ದು ಕೆಲವೇ ನೂರು ಮೈಲಿ. ಹಳದಿ ಬಣ್ಣದ ಆ ಕಾರನ್ನು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಜನ ನೋಡಿ ಬೆರಗಾಗುತ್ತಾರೆ. ಓಡದ ಕಾರಿನ ಸೀಟು ಸವೆಯುವುದಿಲ್ಲ, ಸವೆಯದ ಸೀಟಿಗೆ ಕೆಲಸಗಾರ ಬೇಕಾಗುವುದಿಲ್ಲ.

ಜನಸಾಮಾನ್ಯರ ಮೋಟಾರು ಬೇರೆ. 1932ರಲ್ಲಿ ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳು ಮತ್ತು 166 ನೌಕರರೊಂದಿಗೆ ಆರಂಭವಾಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಬಸ್ಸು, ಜೀಪು, ಲಾರಿ, ಬಾಡಿಗೆ ಕಾರುಗಳು ಹೆಚ್ಚಿದಂತೆ ಸವೆದ ಸೀಟುಗಳೂ ಹೆಚ್ಚಿದವು. ಅವನ್ನು ರಿಪೇರಿ ಮಾಡಲು ಬೇಕಾದ ಕೈಗಳು ಊರಿನಲ್ಲಿ ಮೊದಲೇ ಇದ್ದವು. ತುಂಬುವುದು ಗಾದಿಯವರಿಗೆ ಗೊತ್ತಿತ್ತು. ತೊಗಲು ಕತ್ತರಿಸಿ ಹೊಲಿಯುವುದು ಚರ್ಮದ ಕೆಲಸದವರಿಗೆ ಗೊತ್ತಿತ್ತು. ಅಳತೆ ತೆಗೆಯುವುದು ದರ್ಜಿಗಳಿಗೆ ಗೊತ್ತಿತ್ತು. ಈ ಮೂರು ವಿದ್ಯೆಗಳು ಕೂಡಿದಲ್ಲಿ 'ಕುಶನ್ ವರ್ಕ್ಸ್' ಎಂಬ ಬೋರ್ಡು ತೂಗಾಡಿತು.

ಆ ಕಾಲದ ಸೀಟಿನ ಒಳಗೆ ಇದ್ದುದೂ ಇವರಿಗೆ ಪರಿಚಿತ ವಸ್ತುಗಳೇ. ಕೆಳಗೆ ಉಕ್ಕಿನ ಸುರುಳಿ ಸ್ಪ್ರಿಂಗು, ಅದರ ಮೇಲೆ ಸೆಣಬಿನ ಗೋಣಿ ಬಟ್ಟೆ, ಆಮೇಲೆ ಕುದುರೆ ಕೂದಲು ಅಥವಾ ತೆಂಗಿನ ನಾರು, ಅದರ ಮೇಲೆ ಹತ್ತಿಯ ತೆಳು ಪದರ, ಕೊನೆಗೆ ತೊಗಲು. ತೊಗಲಿಗೆ ಬದಲಾಗಿ ಅಗ್ಗದ ರೆಕ್ಸಿನ್ ಕೂಡ ಬಂತು. ರೆಕ್ಸಿನ್ ಎಂಬುದು ಮೂಲತಃ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ತಯಾರಾಗುತ್ತಿದ್ದ ಕೃತಕ ತೊಗಲಿನ ವ್ಯಾಪಾರಿ ಹೆಸರು. ಆ ಕಂಪೆನಿಯ ನೆನಪು ಇಂಗ್ಲೆಂಡಿನಲ್ಲೇ ಮಾಸಿಹೋಯಿತು. ನಮ್ಮಲ್ಲಿ ಮಾತ್ರ ಪ್ಲಾಸ್ಟಿಕ್ ಲೇಪದ ಬಟ್ಟೆಯೆಲ್ಲವೂ ಇಂದಿಗೂ ರೆಕ್ಸಿನ್ನೇ.

ಕಾಯುವ ಕಾಲ, ಕಾಪಾಡುವ ಕಾಲ

ಸ್ವಾತಂತ್ರ್ಯದ ನಂತರ ಕಾರಿನ ಆಮದಿಗೆ ಕಡಿವಾಣ ಬಿತ್ತು. ಕೆಲವು ದಶಕಗಳ ಕಾಲ ಭಾರತೀಯರಿಗೆ ದೊರೆಯುತ್ತಿದ್ದುದು ಮುಖ್ಯವಾಗಿ ಮೂರು ಬಗೆಯ ಕಾರುಗಳು: ಅಂಬಾಸಿಡರ್, ಫಿಯೆಟ್ ಮತ್ತು ಸ್ಟ್ಯಾಂಡರ್ಡ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಬಂದ ಕಾರನ್ನು ಎರಡು ಮೂರು ತಲೆಮಾರು ಬಳಸಬೇಕಿತ್ತು.

ಇವುಗಳಲ್ಲಿ ಸ್ಪೋರ್ಟ್ಸ್ ಕಾರಿನ ಹತ್ತಿರದ ನೆಂಟ ಎಂದರೆ 1961ರಲ್ಲಿ ಮದರಾಸಿನ ಕಾರ್ಖಾನೆಯಿಂದ ಹೊರಬಂದ ಸ್ಟ್ಯಾಂಡರ್ಡ್ ಹೆರಾಲ್ಡ್. ಇದು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ನ ಭಾರತೀಯ ರೂಪ. ಇಟಲಿಯ ವಿನ್ಯಾಸಕ ಜೊವಾನ್ನಿ ಮಿಕೆಲೊಟ್ಟಿ ಇದರ ಆಕಾರ ರೂಪಿಸಿದವರು. ಇದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ, ಅವರದೇ ವಿನ್ಯಾಸದಲ್ಲಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬಂತು. ಜಗತ್ತಿನ ಹಳೆಯ ಕಾರು ಪ್ರೇಮಿಗಳ ಅಚ್ಚುಮೆಚ್ಚಿನ ಕಾರು ಅದು. ಸ್ಪಿಟ್‌ಫೈರ್‌ನಂತಹ ಕಾರಿನ ಸೀಟಿಗೂ ನಮ್ಮ ಬಾಡಿಗೆ ಕಾರಿನ ಸೀಟಿಗೂ ಒಳಗಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಹಾಗಾಗಿ ಕೊರತೆಯ ಕಾಲದಲ್ಲಿ ನಮ್ಮವರು ಕಲಿತದ್ದು ಅಲ್ಲಿಗೂ ಸಲ್ಲುತ್ತದೆ.

ಬಿಚ್ಚಿ ನೋಡುವ ವಿದ್ಯೆ

'ಚಾಚಾ, ಸೀಟು ಕುಂತುಬಿಟ್ಟೈತಿ ನೋಡ್ರಿ' ಎಂದು ಗಿರಾಕಿ ಬಂದಾಗ ಪಳಗಿದ ಕೆಲಸಗಾರ ಮೊದಲು ರೆಕ್ಸಿನ್ ತೋರಿಸುವುದಿಲ್ಲ. ಅಂಗೈಯಿಂದ ಸೀಟನ್ನು ಒತ್ತುತ್ತಾನೆ. ಒತ್ತಿದ ಕೈಗೆ ಕಬ್ಬಿಣ ತಾಗಿದರೆ ತುಂಬು ಸತ್ತಿದೆ. ಇಡೀ ಸೀಟೇ ಜೋಲಿಯಂತೆ ಕೆಳಗಿಳಿದರೆ ಆಧಾರ ಹೋಗಿದೆ. ಎರಡೂ ಸರಿಯಿದ್ದು ಮೇಲೆ ಸುಕ್ಕು, ಬಿರುಕು ಇದ್ದರೆ ಹೊದಿಕೆಯ ದೋಷ. ಮೂರರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಖರ್ಚು ಅಲ್ಲೇ ಉಳಿಯಿತು. ಎಷ್ಟೋ ಮಂದಿ ಆಧಾರ ಹೋದ ಸೀಟಿಗೆ ದುಬಾರಿ ಹೊದಿಕೆ ಹಾಕಿಸಿ, ಆರು ತಿಂಗಳಲ್ಲಿ ಮತ್ತೆ ಅದೇ ಗುಂಡಿಯಲ್ಲಿ ಕೂರುತ್ತಾರೆ.

ಆಧಾರದಿಂದಲೇ ಶುರು ಮಾಡೋಣ. ಮುರಿದ ಸ್ಪ್ರಿಂಗು ಒಂದೋ ಎರಡೋ ಇರುತ್ತವೆ. ಅಷ್ಟನ್ನು ಮಾತ್ರ ಬದಲಿಸಿ, ಉಳಿದವನ್ನು ಗಟ್ಟಿ ಸುತಳಿಯಿಂದ ಒಂದಕ್ಕೊಂದು ಕಟ್ಟಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ಬ್ರಿಟನ್ನಿನ ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಸ್ಪ್ರಿಂಗಿನ ಬದಲು ಅಗಲವಾದ ರಬ್ಬರ್ ಪಟ್ಟಿಗಳಿರುತ್ತವೆ. ಅವು ಹಳತಾದಾಗ ಒಣಗಿ ತುಂಡಾಗುತ್ತವೆ. ಹೊಸ ಪಟ್ಟಿ ಸಿಗದಿದ್ದರೆ ಲಾರಿಯ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಬಿಗಿಯಾಗಿ ಎಳೆದು, ಹೆಣಿಗೆಯಂತೆ ಅಡ್ಡ ಉದ್ದ ಹಾಯಿಸುವುದು ನಮ್ಮಲ್ಲಿನ ಉಪಾಯ. ಚೌಕಟ್ಟಿಗೆ ತುಕ್ಕು ಹಿಡಿದಿದ್ದರೆ ಉಜ್ಜಿ ಬಣ್ಣ ಹಚ್ಚುವ ಕೆಲಸವನ್ನೂ ಆಗಲೇ ಮುಗಿಸಬೇಕು.

ಆಧಾರದ ಮೇಲೆ ಗೋಣಿ ಬಟ್ಟೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಗೋಣಿ ಇಲ್ಲದೆ ಸ್ಪಂಜು ನೇರವಾಗಿ ಸ್ಪ್ರಿಂಗಿನ ಮೇಲೆ ಕುಳಿತರೆ, ಸ್ಪ್ರಿಂಗು ಅದನ್ನು ದಿನದಿನವೂ ಕತ್ತರಿಸುತ್ತದೆ. ಒಂದು ಗೋಣಿಚೀಲದಷ್ಟು ಖರ್ಚು ಇಡೀ ಸೀಟಿನ ಆಯುಷ್ಯವನ್ನು ಹೆಚ್ಚಿಸುತ್ತದೆ.

ಆನಂತರ ತುಂಬು. ಕುದುರೆ ಕೂದಲು, ತೆಂಗಿನ ನಾರುಗಳನ್ನು ಎಸೆಯಬೇಕಾಗಿಲ್ಲ. ಧೂಳು ಕೊಡವಿ, ಕೈಯಿಂದ ಬಿಡಿಸಿ ಹರವಿದರೆ ಮತ್ತೆ ಪುಟಿಯುತ್ತವೆ. ಇದು ಪಿಂಜಾರರ ಗಾದಿಯ ಪಾಠವೇ. ಫೋಮ್ ಇರುವ ಸೀಟಿನಲ್ಲಿ ಸಾಮಾನ್ಯವಾಗಿ ಕುಸಿಯುವುದು ತೊಡೆ ಮತ್ತು ಬೆನ್ನಿನ ಕೆಳಭಾಗ ಒತ್ತುವ ಜಾಗಗಳು. ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ ತೆಗೆದು, ಗಟ್ಟಿ ಫೋಮ್ ತುಂಡನ್ನು ಅಂಟಿಸಬಹುದು. ಅಂಗಡಿಯಲ್ಲಿ ಫೋಮ್ ಕೊಳ್ಳುವಾಗ ದಪ್ಪದ ಜೊತೆಗೆ ಸಾಂದ್ರತೆಯನ್ನೂ ಕೇಳಬೇಕು. 32 ಅಥವಾ 40 ಎಂದು ಹೇಳುವ ಸಂಖ್ಯೆ ಒಂದು ಘನ ಮೀಟರಿಗೆ ಎಷ್ಟು ಕಿಲೋ ಎಂಬ ಲೆಕ್ಕ. ಕುಳಿತುಕೊಳ್ಳುವ ಭಾಗಕ್ಕೆ ಹೆಚ್ಚಿನದ್ದು ಬೇಕು, ಒರಗುವ ಭಾಗಕ್ಕೆ ಕಡಿಮೆ ಸಾಕು. ಮೇಲೆ ಹತ್ತಿಯ ತೆಳು ಪದರ ಹಾಸಿದರೆ ಫೋಮಿನ ಜೋಡಣೆ ಎದ್ದು ಕಾಣುವುದಿಲ್ಲ, ಹೊದಿಕೆಗೂ ಸುಕ್ಕು ಬೀಳುವುದಿಲ್ಲ.

ಕೊನೆಯದು ಹೊದಿಕೆ. ಹರಿದಿರುವುದು ಸಾಮಾನ್ಯವಾಗಿ ಒಂದೋ ಎರಡೋ ತುಂಡು ಮಾತ್ರ. ಡ್ರೈವರ್ ಹತ್ತಿ ಇಳಿಯುವ ಬದಿಯ ಅಂಚು ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಆ ತುಂಡಿನ ಹೊಲಿಗೆಯನ್ನು ನಿಧಾನವಾಗಿ ಬಿಚ್ಚಿ, ಅದನ್ನೇ ಮಾದರಿಯಾಗಿಟ್ಟು ಹೊಸದನ್ನು ಕತ್ತರಿಸಬೇಕು. ಬಣ್ಣ ಹೊಂದದಿದ್ದರೆ ಸೀಟಿನ ಹಿಂಬದಿಯ ಕಾಣದ ಭಾಗದಿಂದ ಹಳೆಯ ತುಂಡು ತೆಗೆದು ಮುಂದಕ್ಕೆ ಹಾಕಿ, ಹೊಸ ಬಟ್ಟೆಯನ್ನು ಹಿಂಬದಿಗೆ ಹಾಕುವುದು ಜಾಣತನ. ಎರಡೂ ಸೀಟಿನ ಮೆತ್ತೆಗಳು ಒಂದೇ ಆಕಾರದಲ್ಲಿದ್ದರೆ ಎಡಬಲ ಅದಲುಬದಲು ಮಾಡಿಯೂ ಕೆಲವು ವರ್ಷ ದೂಡಬಹುದು. ಬಿಚ್ಚಿದ ಹಳೆಯ ಹೊದಿಕೆಯನ್ನು ಎಂದಿಗೂ ಎಸೆಯಬಾರದು. ಆ ಕಾರಿನ ಮೂಲ ಅಳತೆ ಉಳಿದಿರುವುದು ಅದರಲ್ಲಿ ಮಾತ್ರ.

ತೊಗಲಾಗಲಿ ರೆಕ್ಸಿನ್ನಾಗಲಿ, ಬದಲಿಸುವ ಮೊದಲು ತೊಳೆದು ನೋಡಬೇಕು. ಮೆತ್ತನೆಯ ಸೋಪಿನ ನೊರೆ, ಒದ್ದೆ ಬಟ್ಟೆ ಸಾಕು. ಪೆಟ್ರೋಲು, ಥಿನ್ನರ್ ಹಚ್ಚಿದರೆ ಮೇಲ್ಮೈಯೇ ಎದ್ದುಹೋಗುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರಿನಲ್ಲಿ ಸೀಟಿನ ದೊಡ್ಡ ವೈರಿ ಬಿಸಿಲು. ರೆಕ್ಸಿನ್ನನ್ನು ಮೆದುವಾಗಿಡುವ ರಾಸಾಯನಿಕ ಬಿಸಿಲಿಗೆ ಆವಿಯಾಗಿ, ಅದು ಹಪ್ಪಳದಂತೆ ಬಿರಿಯುತ್ತದೆ. ನೆರಳಿನಲ್ಲಿ ನಿಲ್ಲಿಸುವುದು, ಹತ್ತಿ ಬಟ್ಟೆಯ ಮೇಲುಹೊದಿಕೆ ಹಾಕುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಬಿಲ್ಲು ಮೌನವಾದಾಗ

1929ರಲ್ಲಿ ಬ್ರಿಟನ್ನಿನ ಡನ್ಲಪ್ ಕಂಪೆನಿಯವರು ರಬ್ಬರ್ ಹಾಲಿನಿಂದ ಫೋಮ್ ತಯಾರಿಸಿದರು. 1937ರಲ್ಲಿ ಜರ್ಮನಿಯ ಒಟ್ಟೊ ಬಾಯರ್ ಪಾಲಿಯುರೆಥೇನ್ ಕಂಡುಹಿಡಿದರು. 1950ರ ದಶಕದಲ್ಲಿ ಅದರಿಂದ ಮೆತ್ತನೆಯ ಫೋಮ್ ಮಾರುಕಟ್ಟೆಗೆ ಬಂತು. ನಮ್ಮಲ್ಲಿ 1983ರಲ್ಲಿ ಮಾರುತಿ ಕಾರು, 1991ರ ನಂತರ ಮುಕ್ತ ಮಾರುಕಟ್ಟೆ. ಅಚ್ಚಿನಲ್ಲಿ ಎರಕ ಹೊಯ್ದ ಫೋಮ್ ಸೀಟುಗಳಿಗೆ ಹಿಂಜುವ, ತುಂಬುವ ಕೈ ಬೇಕಿಲ್ಲ.

ಹತ್ತಿಯೂ ಬದಲಾಯಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ ತಳಿ, 2002ರಲ್ಲಿ ಬಂದ ಬಿಟಿ ಹತ್ತಿ, ಇವುಗಳ ಉದ್ದನೆಯ ನಯವಾದ ಎಳೆ ಗಿರಣಿಗೆ ಒಳ್ಳೆಯದು. ಗಾದಿಗೆ ಬೇಕಾದದ್ದು ಗಿಡ್ಡ ಎಳೆಯ, ಒರಟಾದ, ಒತ್ತಿದರೆ ಪುಟಿಯುವ ಜವಾರಿ ಹತ್ತಿ. ಹೊಲದಿಂದ ಅದು ಮರೆಯಾದಂತೆ ಗಾದಿಗೆ ಗಿರಣಿಯ ಉಳಿಕೆ ಹತ್ತಿ ಬಂತು. ಬಿಲ್ಲಿನ ಜಾಗಕ್ಕೆ ಯಂತ್ರ ಬಂತು. ಹೀಗೆ ಬಿಲ್ಲು ಕೆಳಗಿಟ್ಟವರಲ್ಲಿ ಕೆಲವರು ಹೊಲಿಗೆ ಯಂತ್ರ ಹಿಡಿದರು. ಗಾದಿ, ಸೋಫಾ, ಬೈಕು, ಆಟೋ, ಟ್ರ್ಯಾಕ್ಟರ್, ಕಾರು ಎಲ್ಲವೂ ಒಂದೇ ಅಂಗಡಿಯಲ್ಲಿ ಎಂಬಂತಾಯಿತು.

ಇಂದು ನಗರಗಳಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. ಹೊಳೆಯುವ ಬಣ್ಣಕ್ಕೆ, ಎಂಜಿನಿನ ಸದ್ದಿಗೆ ಚಪ್ಪಾಳೆ ಸಿಗುತ್ತದೆ. ಆದರೆ ಕುದುರೆ ಕೂದಲು, ನಾರು, ಹತ್ತಿಗಳ ಪದರ ಬಲ್ಲ ಕೈಗಳಿಗೆ ಈಗ ವಯಸ್ಸಾಗಿದೆ. ದಿನಗೂಲಿಯಷ್ಟೂ ಹುಟ್ಟದ ಕಸುಬನ್ನು ಮಕ್ಕಳು ಕಲಿಯಲಿ ಎಂದು ಹೇಳುವ ಹಕ್ಕು ನಮಗಿಲ್ಲ. ಹಳೆಯ ಕಾರನ್ನು ಪರಂಪರೆ ಎಂದು ಕರೆಯುವುದಾದರೆ, ಅದನ್ನು ಇಷ್ಟು ವರ್ಷ ಕೂರಲು ಯೋಗ್ಯವಾಗಿ ಇಟ್ಟ ವಿದ್ಯೆಯೂ ಪರಂಪರೆಯೇ. ಅಗ್ಗದಲ್ಲಿ ಕೆಲಸ ಆಗಬೇಕು ಎನ್ನುವಾಗ ಉಳಿಸಬೇಕಾದದ್ದು ಸಾಮಗ್ರಿಯ ಖರ್ಚನ್ನು, ಕೆಲಸಗಾರನ ಕೂಲಿಯನ್ನಲ್ಲ. ಉಳಿದ ಹಣದಲ್ಲಿ ಒಂದು ಪಾಲು ಅವನ ಕೈ ಸೇರಿದರೆ ವಿದ್ಯೆಯೂ ಉಳಿಯುತ್ತದೆ, ಸೀಟೂ ಉಳಿಯುತ್ತದೆ.

ಕೋಟೆಯ ಗೋಡೆಯಲ್ಲಿ ಬಂಡಿಯನ್ನಾದರೂ ಯಾರೋ ಕೊರೆದರು. ಏಳುನೂರು ವರ್ಷಗಳ ನಂತರ ನಾವು ಅದನ್ನು ನೋಡಿ ಆ ದುಡಿಮೆಯನ್ನು ಊಹಿಸುತ್ತೇವೆ. ಸೀಟು ಹೊಲಿದವರಿಗೆ ಅಂತಹ ಕಲ್ಲೂ ಇಲ್ಲ. ಮುಂದೆ ಎಂದಾದರೂ ಹಳೆಯ ಕಾರಿನ ಸೀಟು ಬಿಚ್ಚಿಸುವಾಗ ಪಕ್ಕದಲ್ಲಿ ಕುಳಿತು ನೋಡಿ. ಹಿಂದೆ ಅದನ್ನು ರಿಪೇರಿ ಮಾಡಿದ ಯಾರದೋ ಹೊಲಿಗೆ, ಯಾರೋ ಕಟ್ಟಿದ ಸುತಳಿಯ ಗಂಟು ಅಲ್ಲಿ ಇನ್ನೂ ಬಿಗಿಯಾಗಿ ನಿಂತಿರುತ್ತದೆ.